ಅವಳು ಮಾತ್ರ ತೊಡಬಾರದ ಗೌನು

"ಉಸಿರು ಬಿಡಿ," ಎಂದ ಅವನು. "ಹಿಡಿದುಕೊಂಡರೆ ಅಳತೆ ಸುಳ್ಳಾಗುತ್ತೆ."

ಮರಿಫೆಲ್ ಉಸಿರು ಬಿಟ್ಟಳು. ಎರಡು ಕ್ಯಾಮೆರಾಗಳು ಅವಳ ಮುಖವನ್ನೇ ನೋಡುತ್ತಿದ್ದವು.

ಮನಿಲಾದ ಆ ಟೀವಿ ಸ್ಪರ್ಧೆಗೆ ಬಂದಿದ್ದ ಹನ್ನೆರಡು ಮಂದಿ ವಿನ್ಯಾಸಗಾರರಿಗೆ ಮೊದಲ ವಾರ ಕೊಟ್ಟ ಕೆಲಸವೇ ವಿಚಿತ್ರವಾಗಿತ್ತು. ಒಬ್ಬರು ಇನ್ನೊಬ್ಬರಿಗೆ ಉಡುಪು ಹೊಲಿಯಬೇಕು. ಲುಂಬಾನ್ ಊರಿನ ಕಸೂತಿ ಮನೆತನದ ಮರಿಫೆಲ್‌ಗೆ ಹೊಲಿಯುವ ಚೀಟಿ ಬಂದದ್ದು ದಾನಿಲೊಗೆ. ಸಮುದ್ರದಾಚೆಯ ಇಲೊಯಿಲೊದ ದರ್ಜಿಯ ಮಗ. ಮಾತು ಕಡಿಮೆ.

ಬೆರಳು ತಾಕದಂತೆ ಅವನು ಟೇಪು ಸುತ್ತಿದ. ಕಾಗದ ಸಿಗದೆ ಅಳತೆಗಳನ್ನು ತನ್ನ ಮುಂಗೈ ಮೇಲೇ ಬರೆದುಕೊಂಡ. ಆಮೇಲೆ ಬಿಳಿ ಬಟ್ಟೆಯ ಸುರುಳಿ ಎತ್ತಿಕೊಂಡವನು ಅವಳ ಮುಖ ನೋಡಿದ. ಏನು ಕಂಡನೋ... ಬಿಳಿಯದನ್ನು ಮಡಚಿ ಬದಿಗಿಟ್ಟು ಕಡುನೀಲಿ ತೆಗೆದುಕೊಂಡ. ಯಾಕೆಂದು ಕೇಳಲಿಲ್ಲ.

ಕೇಳದೇ ಇದ್ದದ್ದಕ್ಕೇ ಅವಳ ಮನಸ್ಸು ಅವನ ಕಡೆ ಮೊದಲ ಹೆಜ್ಜೆ ಇಟ್ಟಿತು.

ವಾರಕ್ಕೊಬ್ಬರು ಸ್ಪರ್ಧೆಯಿಂದ ಹೊರಗೆ ಹೋದರು. ಖಾಲಿಯಾದ ಮೇಜುಗಳನ್ನು ಯಾರೂ ತೆಗೆಸಲಿಲ್ಲ. ಅವುಗಳ ಮೇಲಿನ ಹೊಲಿಗೆ ಯಂತ್ರಗಳು ಮುಸುಕು ಹೊದ್ದು ಸಾಲಾಗಿ ನಿಂತವು. ಉಳಿದವರು ಅತ್ತ ನೋಡದೆ ಕೆಲಸ ಮಾಡುವುದನ್ನು ಕಲಿತರು.

ಬೆಳಿಗ್ಗೆ ದಾನಿಲೊ ಪಾಂದೆಸಾಲ್ ಬನ್ನು ತಂದು ಅರ್ಧ ಅವಳಿಗೆ ಕೊಡುತ್ತಿದ್ದ. ಸ್ಟುಡಿಯೊದ, ಕಣ್ಣು ಮಂಜಾದ ಮುದಿ ಹೊಲಿಗೆಯಾಕೆ ಅಲಿಂಗ್ ಸಿಯೊನ್‌ಗೆ ದಿನಕ್ಕೆ ಬೇಕಾಗುವಷ್ಟು ಸೂಜಿಗಳಿಗೆ ಮೊದಲೇ ದಾರ ಪೋಣಿಸಿಟ್ಟು, ತಾನಲ್ಲವೆಂಬಂತೆ ಕೂತಿರುತ್ತಿದ್ದ.

"ಒಂದು ಬನ್ನು ತಿನ್ನೋಕೆ ಅರ್ಧ ಗಂಟೆ ಬೇಕೇನ್ರೋ ನಿಮಗೆ?" ಎಂದು ಮುದುಕಿ ಕೆಣಕುತ್ತಿದ್ದಳು. "ಇಬ್ಬರನ್ನೂ ಸೇರಿಸಿ ಒಂದು ಹೊಲಿಗೆ ಹಾಕಿಬಿಡ್ತೀನಿ, ತಾಳಿ."

ಅಂಥದೊಂದು ಬೆಳಿಗ್ಗೆಯೇ ಮರಿಫೆಲ್ ಬಿಳಿ ಬಟ್ಟೆಯ ಕಥೆಯನ್ನು ಅವನಿಗೆ ಹೇಳಿಕೊಂಡದ್ದು.

ನಾಲ್ಕು ವರ್ಷದ ಹಿಂದೆ ಅಕ್ಕ ಎಡ್ನಾಳ ಮದುವೆಯ ಗೌನನ್ನು ಹೊಲಿದವಳು ಅವಳೇ. ಮದುವೆಗೆ ಮುಂಚೆ ಮದುಮಗಳು ಗೌನು ತೊಟ್ಟು ನೋಡಬಾರದು, ನೋಡಿದರೆ ಆ ಮದುವೆ ನಡೆಯುವುದಿಲ್ಲ. ಇದು ಅವರಲ್ಲಿ ಮಕ್ಕಳಿಗೂ ಗೊತ್ತು. ಅಳತೆ ನೋಡಲು ಅದೇ ಮೈಕಟ್ಟಿನ ಇನ್ನೊಬ್ಬಳನ್ನು ಕರೆಯುತ್ತಾರೆ. ಕಾಲೇಜು ಓದಿ ಬಂದ ಮರಿಫೆಲ್ ಅದನ್ನೆಲ್ಲ ನಕ್ಕು ತಳ್ಳಿಹಾಕಿದ್ದಳು. ಸೊಂಟದ ಹತ್ತಿರ ಸರಿಯಾಗಿದೆಯೇ ಎಂದು ನೋಡಲು ಒಂದೇ ಒಂದು ಸಲ ತೊಡು ಎಂದು ಅಕ್ಕನನ್ನು ಬಲವಂತ ಮಾಡಿದ್ದಳು. ಮೂರನೆಯ ದಿನ ಘಟ್ಟದ ತಿರುವಿನಲ್ಲಿ ಮದುಮಗನಿದ್ದ ಜೀಪ್ನಿ ಬಸ್ಸು ಉರುಳಿತು. ಅವನು ಉಳಿಯಲಿಲ್ಲ.

ಮನೆಯಲ್ಲಿ ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಎಡ್ನಾ ಇಂದಿಗೂ ತಂಗಿಯ ಪಾಲಿನ ಸುಮಾನ್ ಕಡುಬನ್ನು ಬಾಳೆಲೆಯಲ್ಲೇ ಮುಚ್ಚಿ ಎತ್ತಿಡುತ್ತಾಳೆ. ಆದರೆ ಗೌನಿನ ಸುದ್ದಿ ಎತ್ತಿಲ್ಲ. ಒಂದೇ ಒಂದು ಸಲವೂ ಇಲ್ಲ.

"ಬೈದಿದ್ದರೆ ಚೆನ್ನಾಗಿತ್ತು," ಎಂದಳು ಮರಿಫೆಲ್. ದಾನಿಲೊ ತನ್ನ ಪಾಲಿನ ಬನ್ನನ್ನೂ ಅವಳ ಕಡೆ ಸರಿಸಿದ.

ಫೈನಲಿಗೆ ದಾನಿಲೊ ಸೇರಿ ಮೂವರು ಉಳಿದರು. ಮರಿಫೆಲ್ ಅದಕ್ಕೆ ಹಿಂದಿನ ವಾರ ಹೊರಬಿದ್ದಿದ್ದಳು. ಆದರೂ ಸೋತವರು ಫೈನಲಿನವರಿಗೆ ನೆರವಾಗಲು ಬರಬೇಕೆಂಬ ನಿಯಮವಿತ್ತು. ಗೆದ್ದವರಿಗೆ ಮನಿಲಾದಲ್ಲೇ ಸ್ವಂತ ಅಂಗಡಿ. ದಾನಿಲೊ ಎಷ್ಟು ವರ್ಷದಿಂದ ಅದರ ಕನಸು ಕಂಡಿದ್ದನೆಂದು ಅವಳಿಗೆ ಗೊತ್ತಿತ್ತು.

ಕೊನೆಯ ಕೆಲಸ ಮದುವೆಯ ಗೌನು.

ಅದೇ ದಿನ ಸಮುದ್ರದಲ್ಲಿ ಚಂಡಮಾರುತ ಎದ್ದಿರುವ ಸುದ್ದಿ ಬಂತು.

ದಾನಿಲೊ ಅನಾನಸ್ ನಾರಿನ ಬಿಳಿ ಬಟ್ಟೆ ಆರಿಸಿಕೊಂಡ. ಚಿಟ್ಟೆ ರೆಕ್ಕೆಯಂತೆ ನಿಲ್ಲುವ ತೋಳು, ಕಿರಿದಾದ ಸೊಂಟ. ಅಳತೆ ಯಾರದೆಂದು ಯಾರಾದರೂ ಹೇಳಬಹುದಿತ್ತು. ತೊಟ್ಟು ತೋರಿಸಲು ಮರಿಫೆಲ್ ನಿಲ್ಲಲಿ ಎಂದು ಕಾರ್ಯಕ್ರಮದ ನಿರ್ದೇಶಕಿ ಹೇಳಿದಳು. ಭಯವಾದರೂ ಮರಿಫೆಲ್ ಒಪ್ಪಿ ಮುಂದೆ ಬಂದಳು. ಅವನಿಗಾಗಿ ಒಂದು ಸಲ ಬಿಳಿ ಬಟ್ಟೆ ಮುಟ್ಟಬಲ್ಲೆ ಅನ್ನಿಸಿತ್ತು.

"ಇವಳು ಬೇಡ," ಎಂದುಬಿಟ್ಟ ದಾನಿಲೊ.

ಕ್ಯಾಮೆರಾ ಓಡುತ್ತಿತ್ತು. ಕ್ರಿಶಾ ಎಂಬ ಬೇರೊಬ್ಬ ಹುಡುಗಿ ಬಂದಳು.

ನನ್ನ ಕಥೆ ಕೇಳಿದ ಮೇಲೆ ಇವನಿಗೂ ನಾನು ಅಪಶಕುನವಾದೆನೇ? ಮರಿಫೆಲ್ ಆ ವಾರವೆಲ್ಲ ಅವನ ಜೊತೆ ಮಾತು ಬಿಟ್ಟಳು. ಅವನು ಇಟ್ಟುಹೋದ ಬನ್ನು ಮೇಜಿನ ಮೇಲೇ ಒಣಗಿತು. ಗೌನಿನ ಕೆಳಅಂಚಿನಲ್ಲಿ ದಾನಿಲೊನ ಸೂಜಿಗಳು ಒಂದರ ಹಿಂದೊಂದು ಮುರಿದವು. ಅಲಿಂಗ್ ಸಿಯೊನ್ ಪ್ರತಿ ತುಂಡನ್ನೂ ಕಾಗದದಲ್ಲಿ ಸುತ್ತಿ, ಶಿಲುಬೆಯ ಗುರುತು ಹಾಕಿಕೊಂಡು ಡಬ್ಬಿಗೆ ಹಾಕಿದಳು. ಅವಳ ಕೆಣಕುಮಾತೂ ನಿಂತಿತ್ತು.

ಭಾನುವಾರ ಮಧ್ಯಾಹ್ನ ನೇರ ಪ್ರಸಾರ. ಬೆಳಿಗ್ಗೆಯೇ ಚಂಡಮಾರುತದ ಎಚ್ಚರಿಕೆಯ ಮಟ್ಟ ಎರಡರಿಂದ ಮೂರಕ್ಕೆ ಏರಿತ್ತು. ಸ್ಟುಡಿಯೊದ ತಗಡಿನ ಚಾವಣಿಯನ್ನು ಗಾಳಿ ಯಾರೋ ಕೀಳುತ್ತಿರುವಂತೆ ಎಳೆಯುತ್ತಿತ್ತು. ದೀಪಗಳು ಎರಡು ಸಲ ಆರಿ ಹತ್ತಿದವು. ಬೀದಿಯಲ್ಲಿ ಎದೆಮಟ್ಟ ನೀರು, ಬರಲಾಗುತ್ತಿಲ್ಲವೆಂದು ಕ್ರಿಶಾ ಫೋನು ಮಾಡಿದಾಗ ಇನ್ನು ಉಳಿದದ್ದು ಇಪ್ಪತ್ತು ನಿಮಿಷ. ಉಳಿದ ಹುಡುಗಿಯರಲ್ಲಿ ಯಾರಿಗೂ ಆ ಸೊಂಟ ಹಿಡಿಸುವಂತಿರಲಿಲ್ಲ.

ತೊಟ್ಟವರು ನಡೆದು ತೋರಿಸದ ಉಡುಪಿಗೆ ಅಂಕವಿಲ್ಲ, ಮರಿಫೆಲ್ ಹಾಕಿಕೊಳ್ಳಲಿ ಎಂದು ನಿರ್ದೇಶಕಿ ಅವಸರಪಡಿಸಿದಳು. ಮರಿಫೆಲ್ ಗೌನಿಗೆ ಕೈಚಾಚಿದಳು. ಬೆರಳು ತಾಕುವ ಮೊದಲೇ ದಾನಿಲೊ ಅಡ್ಡ ಬಂದ.

"ಬೇಡ."

ಅವಳ ಕಣ್ಣು ತುಂಬಿತು. "ನಾನು ಮುಟ್ಟಿದರೆ ನಿನ್ನ ಗೌನಿಗೂ ಕೇಡು ಅಂತಾನಾ? ಅಷ್ಟು ಹೇಳಿಬಿಡು. ಹೋಗ್ತೀನಿ."

ಅವನು ಸುತ್ತ ನೋಡಿದ. ಕ್ಯಾಮೆರಾ, ನಿರ್ದೇಶಕಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡ ಅಲಿಂಗ್ ಸಿಯೊನ್. ಮುಚ್ಚುಮರೆಗೆ ಜಾಗವಿರಲಿಲ್ಲ.

"ಈ ಊರಲ್ಲಿ ಯಾವ ಹೆಂಗಸು ಬೇಕಾದರೂ ಇದನ್ನ ತೊಟ್ಟು ನೋಡಬಹುದು ಮರಿಫೆಲ್, ನೀನೊಬ್ಬಳನ್ನು ಬಿಟ್ಟು." ಅವನು ಗೌನನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿದ. "ನೀನು ತೊಡೋದು ಚರ್ಚಿನಲ್ಲಿ... ಒಪ್ಪಿದರೆ. ಅಲ್ಲೀವರೆಗೂ ಮೈಗೆ ತಾಗಬಾರದು."

ಗಾಳಿಯ ಸದ್ದೂ ಅವಳಿಗೆ ಕೇಳಿಸದಂತಾಯಿತು. ಇವಳು ಬೇಡ ಎಂದ ಆ ಮಾತು ಒಳಮಗ್ಗುಲು ತಿರುಗಿ, ಹೊಲಿಗೆಯೆಲ್ಲ ಕಾಣುವಂತೆ ಅವಳ ಮುಂದೆ ನಿಂತಿತು.

"ಸೋತುಹೋಗ್ತೀಯ," ಎಂದಳು.

"ಸೋಲ್ತೀನಿ."

"ಅಂಗಡಿ ಹೋಗುತ್ತೆ."

"ಹೋಗಲಿ. ನಿಮ್ಮಕ್ಕ ಕಳೆದ ನಾಲ್ಕು ವರ್ಷದ ಕಥೆ ನಿನ್ನ ಬಾಯಿಂದಲೇ ಕೇಳಿದೀನಿ. ಅಂಥ ಒಂದು ದಿನವನ್ನೂ ನಿನಗೆ ಕೊಡೋ ಧೈರ್ಯ ನನಗಿಲ್ಲ."

ಹಾಕಿಕೊಂಡುಬಿಡಲೇ? ಒಂದು ಗಳಿಗೆ ಅವಳಿಗೆ ಆ ಆಸೆಯೂ ಬಂತು. ಅವನು ಗೆಲ್ಲುತ್ತಾನೆ. ಆಮೇಲೆ? ಅವನು ಊರಿಗೆ ಹೋಗಲು ಹತ್ತುವ ಪ್ರತಿ ಹಡಗನ್ನೂ ಅವಳು ದಡದಲ್ಲಿ ನಿಂತು ಎಣಿಸಬೇಕು. ಅವಳ ಕೈ ತಾನಾಗಿ ಹಿಂದೆ ಸರಿಯಿತು.

ದಾನಿಲೊ ಗೌನನ್ನು ಗಾಲಿಯಿದ್ದ ಗೊಂಬೆಗೆ ತೊಡಿಸಿ ವೇದಿಕೆಗೆ ತಳ್ಳಿಕೊಂಡು ಹೊರಟ. ಒಂದು ಗಾಲಿ ಸಿಕ್ಕಿಕೊಂಡಿತು. ಮರಿಫೆಲ್ ಹೋಗಿ ಗೊಂಬೆಯ ಕಬ್ಬಿಣದ ಕಾಲನ್ನು ಮಾತ್ರ ಹಿಡಿದು, ಬಟ್ಟೆಗೆ ತಾಗದಂತೆ ಬಾಗಿ, ತಾನೂ ತಳ್ಳಿದಳು. ಇಡೀ ದೇಶ ನೋಡುತ್ತಿತ್ತು. ತಲೆಯಿಲ್ಲದ ಮದುಮಗಳೊಬ್ಬಳು ಇಬ್ಬರ ನಡುವೆ ಬೆಳಕಿನಲ್ಲಿ ನಿಧಾನ ಸಾಗಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ತೀರ್ಪುಗಾರರು ನಿಯಮ ಮೀರಲಿಲ್ಲ. ದಾನಿಲೊ ಮೂರನೆಯವನಾದ.

ಪರದೆಯ ಹಿಂದೆ ಮರಿಫೆಲ್‌ಳ ಫೋನು ಹೊಡೆದುಕೊಂಡಿತು. ಎಡ್ನಾ.

"ನೀನು ಹಾಕ್ಕೊಳ್ಳಲಿಲ್ಲ ಅಲ್ವೇನೇ?"

ನಾಲ್ಕು ವರ್ಷದಲ್ಲಿ ಮೊದಲ ಸಲ ಅಕ್ಕ ಗೌನಿನ ಮಾತೆತ್ತಿದ್ದಳು. "ಇಲ್ಲ ಅಕ್ಕ. ಮುಟ್ಟಲೂ ಇಲ್ಲ. ಅಕ್ಕ, ಅವತ್ತು ನಾನು ನಿನಗೆ..."

"ಸುಮ್ಮನಿರು." ಆ ಕಡೆ ಎಡ್ನಾ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಎಡಗಡೆ ತೋಳು ಬರಿದಾಗಿದೆ, ಟೀವಿಯಲ್ಲೇ ಕಾಣುತ್ತೆ. ಬಿರುಗಾಳಿ ನಿಂತ ಮೇಲೆ ಆ ಹುಡುಗನ ಕೈಲಿ ಕಳಿಸು. ಕಸೂತಿ ನಾನು ಹಾಕ್ತೀನಿ. ಅಳತೆಗೂ ನಾನೇ ತೊಟ್ಟು ನೋಡ್ತೀನಿ."

ಮರಿಫೆಲ್ ಫೋನನ್ನು ಎದೆಗೊತ್ತಿಕೊಂಡು ನಿಂತಳು. ಹೊರಗೆ ಏನೋ ಮುರಿದು ಬಿದ್ದ ಸದ್ದಾಯಿತು. ದೀಪ ಮತ್ತೆ ಆರಿತು. ಕತ್ತಲಲ್ಲಿ ಅವಳು ದಾನಿಲೊನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ನನಗೆ ಇನ್ನೂ ಭಯ ಇದೆ," ಎಂದಳು.

"ನನಗೂ," ಎಂದ ಅವನು. "ಉತ್ತರ ಹೇಳಲಿಲ್ಲ ನೀನು."

"ಮದುವೆ ದಿನ ಗೌನು ಬಿಗಿಯಾದರೆ?"

"ಬಿಚ್ಚಿ ಹೊಲಿದುಕೊಡ್ತೀನಿ. ಚರ್ಚಿನ ಮೆಟ್ಟಿಲ ಮೇಲೆ ಕೂತು."

"ಪಾದ್ರಿ ಕಾಯ್ತಾ ಇರಬೇಕಾ?"

"ಕಾಯಲಿ," ಎಂದ ಅವನು. "ನಾನು ಕಾಯ್ತಾ ಇಲ್ವಾ?"

"ಸಾಕು ಕಾದದ್ದು," ಎಂದಳು ಮರಿಫೆಲ್.