ಓದದೆ ಹಾಕಿದ ಸಹಿ

ಬಾಗಿಲು ತೆಗೆದ ಮೈಥಿಲಿ ಹಿಡಿಕೆ ಬಿಡದೆ ನಿಂತಳು.

ತನ್ಮಯ್!

ಆರು ತಿಂಗಳಾಗಿತ್ತು ಗಂಡನ ಮುಖ ನೋಡಿ. ಗಡ್ಡ ಬಿಟ್ಟಿದ್ದಾನೆ, ಕೆನ್ನೆ ಒಳಗೆ ಹೋಗಿದೆ. ತನ್ನದೇ ಮನೆಯ ಬಾಗಿಲಲ್ಲಿ ನಿಂತು ಶೂ ಬಿಚ್ಚಲೋ ಬೇಡವೋ ಎಂದು ಯೋಚಿಸುತ್ತಿದ್ದಾನೆ.

“ಫೋನ್ ಮಾಡಿ ಬರಬಾರದಾ?”

“ಮಾಡಿದ್ರೆ ಎತ್ತುತ್ತಿದ್ಯಾ?”

ಎತ್ತುತ್ತಿರಲಿಲ್ಲ ಬಿಡಿ. ಅಂಥ ಹಟ ಇವಳದು!

ತನ್ಮಯ್ ಒಳಗೆ ಬಂದು ಮೇಜಿನ ಮೇಲೆ ಎರಡು ವಸ್ತು ಇಟ್ಟ. ಒಂದು ಫಾರ್ಮ್. ಇನ್ನೊಂದು ಉಪ್ಪುನೀರಿಗೆ ಉಬ್ಬಿದ ನೀಲಿ ರಟ್ಟಿನ ಪುಸ್ತಕ.

“ಈ ಮನೆ ಬಾಡಿಗೆ ಕಾಂಟ್ರಾಕ್ಟ್‌ನಿಂದ ನನ್ನ ಹೆಸರು ತೆಗೆಸ್ತಿದ್ದೀನಿ. ರಾಟರ್‌ಡ್ಯಾಮ್‌ನಲ್ಲೇ ರೂಮ್ ಪಕ್ಕಾ ಆಯ್ತು. ಇಬ್ಬರ ಸಹಿಯೂ ಬೇಕಂತೆ. ಇದಾದ್ಮೇಲೆ... ಲಾಯರ್ ಹತ್ರ ಹೋಗೋಣ.”

ಲಾಯರ್! ಮೈಥಿಲಿಯ ಕಾಲ ಕೆಳಗಿನ ನೆಲ ಬೋಟಿನ ಹಾಗೆ ಓಲಾಡಿತು.

‘ಅಂದರೆ ಎಲ್ಲ ಮುಗೀತಾ? ಇವತ್ತೇನಾ?’

ಎಲ್ಲ ಶುರುವಾದದ್ದು ಆ ಬೋಟಿನಿಂದಲೇ. ತನ್ಮಯ್‌ನ ಡಚ್ ಸಹೋದ್ಯೋಗಿಯೊಬ್ಬನ ಹಾಯಿದೋಣಿ ಪೆಸಿಫಿಕ್‌ನ ರಾರೊಟೊಂಗಾ ದ್ವೀಪದಲ್ಲಿ ನಿಂತಿತ್ತು. ಅದನ್ನು ಅಲ್ಲಿಂದ ಪಶ್ಚಿಮದ ಟೋಂಗಾ ದ್ವೀಪಗಳಿಗೆ ಮುಟ್ಟಿಸಬೇಕಿತ್ತು. ಎರಡು ಬೇಸಿಗೆ ಇಲ್ಲಿನ ಡಚ್ ಕೆರೆಗಳಲ್ಲಿ ಹಾಯಿ ಕಟ್ಟುವುದು ಕಲಿತಿದ್ದ ಗಂಡ ಹೆಂಡತಿ ‘ನಾವು ಹೋಗ್ತೀವಿ’ ಎಂದು ಕುಣಿದಿದ್ದರು. 2013ರ ಸೆಪ್ಟೆಂಬರ್. ಎಂಟು ದಿನ, ಸುತ್ತಲೂ ನೀರೋ ನೀರು, ಇಬ್ಬರೇ ಇಬ್ಬರು!

ಬೋಟಿನಲ್ಲಿ ಒಂದೇ ನಿಯಮ. ಒಬ್ಬರು ನಾಲ್ಕು ಗಂಟೆ ಕಾವಲು, ಇನ್ನೊಬ್ಬರಿಗೆ ನಿದ್ದೆ. ಕಾವಲು ಮುಗಿಸಿದವರು ಗಾಳಿ, ದಿಕ್ಕು, ಕೆಟ್ಟದ್ದು, ಮುರಿದದ್ದು ಎಲ್ಲವನ್ನೂ ಈ ನೀಲಿ ಪುಸ್ತಕದಲ್ಲಿ ಬರೆಯಬೇಕು. ಮುಂದಿನವರು ಓದಿ, ಕೆಳಗೆ ಸಹಿ ಹಾಕಿ, ಆಮೇಲೆ ಚುಕ್ಕಾಣಿ ಹಿಡಿಯಬೇಕು.

ಮೂರು ದಿನ ಸ್ವರ್ಗ. ನಾಲ್ಕನೇ ದಿನ ಬೆಳಗ್ಗೆ ಮೈಥಿಲಿ ಎದ್ದು ತಲೆ ಹೊರಗೆ ಹಾಕಿದರೆ, ತನ್ಮಯ್ ಬೋಟಿನ ತುದಿಯಲ್ಲಿ, ಮೈಮೇಲೆ ಸೇಫ್ಟಿ ಬೆಲ್ಟ್ ಇಲ್ಲದೆ ಹಾಯಿ ಎಳೆಯುತ್ತಿದ್ದ! ಜಾರಿದ್ದರೆ ಸಮುದ್ರಪಾಲು!

“ನಿನಗೆ ಜೀವ ಬೇಡ್ವಾ? ನನ್ನ ಬಗ್ಗೆ ಒಂದು ಚೂರೂ ಯೋಚನೆ ಇಲ್ವಾ ನಿನಗೆ?” ಎಂದು ಕಿರುಚಿದ್ದಳು. ಅವನು ಹೆಡ್ಡನ ಹಾಗೆ ನೋಡಿ ಮತ್ತೆ ಹಾಯಿಗೆ ಕೈ ಹಾಕಿದ್ದ.

ಅಷ್ಟೇ, ಮಾತು ನಿಂತಿತು. ಒಬ್ಬರು ಎದ್ದಾಗ ಇನ್ನೊಬ್ಬರು ಮಲಗುವ ಬೋಟಿನಲ್ಲಿ ಮಾತು ಬಿಡುವುದು ಎಷ್ಟು ಸುಲಭ! ಆದರೆ ಊರು ಮುಟ್ಟಿದ ಮೇಲೆ ಅವನೇ “ಸ್ವಲ್ಪ ದಿನ ಬೇರೆ ಇರೋಣ” ಅಂದಾಗ ಅವಳಿಗೆ ಸಿಡಿಲು ಬಡಿದಂತಾಗಿತ್ತು. ಯಾಕೆ ಎಂದು ಕೇಳಲು ಅಭಿಮಾನ ಬಿಡಲಿಲ್ಲ.

“ಈ ಪುಸ್ತಕ ಯಾಕೆ ತಂದೆ?” ಈಗ ಕೇಳಿದಳು.

“ಬೋಟಿನವನು ವಾಪಸ್ ಕೊಟ್ಟ. ಪೂರ್ತಿ ಕನ್ನಡದಲ್ಲಿ ಬರೆದಿದ್ದೀರಿ, ನಾನಿದನ್ನ ಇಟ್ಕೊಂಡು ಏನ್ ಮಾಡ್ಲಿ ಅಂದ. ನನಗೂ ನೋಡೋಕಾಗಲ್ಲ. ನೀನೇ ಇಟ್ಕೋ.”

ಮೈಥಿಲಿ ಕಣ್ಣೀರು ಕಾಣದಿರಲೆಂದು ತಲೆ ತಗ್ಗಿಸಿದಳು. ಫಾರ್ಮ್ ಎಳೆದುಕೊಂಡು ಪೆನ್ನು ತೆಗೆದು ಸರಕ್ಕನೆ ಸಹಿ ಹಾಕಿದಳು.

“ಏಯ್, ಮೊದಲು ಓದು!”

“ಓದೋದೇನಿದೆ? ಬೋಟಲ್ಲೂ ನೀನು ಬರೆದಿದ್ದನ್ನ ಓದ್ತಿರಲಿಲ್ಲ. ಸುಮ್ನೆ ಸಹಿ ಹಾಕ್ತಿದ್ದೆ.”

ಫಾರ್ಮಿಗೆ ಕೈ ಚಾಚಿದ್ದ ತನ್ಮಯ್ ಅದನ್ನು ಅಲ್ಲೇ ಬಿಟ್ಟ.

“ಏನಂದೆ?”

“ಜಗಳ ಆದ ಬೆಳಗ್ಗೆಯಿಂದ ನಿನ್ನ ಪುಟ ನೋಡಿಲ್ಲ. ಕೋಪ ಬಂದಿತ್ತು. ದಿಕ್ಕು, ವೇಗ ಎಲ್ಲ ಜಿಪಿಎಸ್‌ನಲ್ಲೇ ಸಿಗ್ತಿತ್ತು.”

“ಒಂದೂ... ಒಂದು ಪುಟಾನೂ ಓದಿಲ್ವಾ ಮೈಥಿ?”

ಅವನು ಕುರ್ಚಿ ಹಿಡಿದು ಕುಸಿದು ಕೂತ. ಅವಳಿಗೆ ಗಾಬರಿಯಾಯಿತು. ಅಂಥದ್ದೇನಿದೆ ಅದರಲ್ಲಿ? ನೀಲಿ ಪುಸ್ತಕವನ್ನು ಸೆಳೆದು ನಾಲ್ಕನೇ ದಿನ ತೆರೆದಳು.

‘ಗಾಳಿ ಆಗ್ನೇಯದಿಂದ. ಮೈಥಿ, ನಿನ್ನ ಬೆಲ್ಟಿನ ಕೊಕ್ಕೆ ಮುರಿದಿದೆ. ನನ್ನದನ್ನ ನಿನ್ನ ಹಾಸಿಗೆ ಹತ್ರ ನೇತುಹಾಕಿದ್ದೀನಿ, ಅದನ್ನೇ ಹಾಕ್ಕೋ. ನಾನು ಸೊಂಟಕ್ಕೆ ಹಗ್ಗ ಕಟ್ಕೊಂಡಿದ್ದೀನಿ, ಹೆದರಬೇಡ. ಇದು ಸರಿ ಇಲ್ಲ ಅನ್ಸಿದ್ರೆ ಹೇಳು, ಬೇರೆ ದಾರಿ ನೋಡೋಣ.’

ಕೆಳಗೆ ಅಂದವಾಗಿ ಒಂದು ಸಹಿ. ಮೈಥಿಲಿ.

ಪುಸ್ತಕ ಕೈಯಿಂದ ಜಾರಿತು!

“ಅಷ್ಟೂ ದಿನ ನಾನು ಹಾಕಿದ್ದು... ನಿನ್ನ ಬೆಲ್ಟಾ?”

“ಹೂಂ. ಬೈದಾದ್ಮೇಲೆ ಸಹಿ ಹಾಕಿದ್ಯಲ್ಲ, ಎಲ್ಲ ಓದಿದ್ಮೇಲೂ ಕೋಪ ಇಳಿದಿಲ್ಲ ಅನ್ಕೊಂಡೆ. ತುಂಬಾ ನೋವಾಯ್ತು ಕಣೇ.”

ಅಯ್ಯೋ ದೇವರೇ! ಇವನ ಬೆಲ್ಟ್ ತೊಟ್ಟುಕೊಂಡು ಇವನ ಮೇಲೇ ಮುನಿಸಿಕೊಂಡು ಕೂತಿದ್ದಳು!

“ಇನ್ನೂ ಇದೆ,” ತನ್ಮಯ್ ಮುಖ ತಿರುಗಿಸಿದ. “ಏಳನೇ ದಿನ ನೋಡು.”

ಪುಸ್ತಕ ಎತ್ತಿಕೊಂಡು ಪುಟ ಮಗುಚಿದಳು.

‘ಗಾಳಿ ಕಮ್ಮಿ. ನಾಳೆ ಟೋಂಗಾ. ಮೂರು ದಿನದಿಂದ ನೀನು ಮಾತಾಡಿಲ್ಲ. ಎದುರಿಗೆ ಕೇಳೋಕೆ ಧೈರ್ಯ ಇಲ್ಲ, ಅದಕ್ಕೆ ಇಲ್ಲಿ ಕೇಳ್ತಿದ್ದೀನಿ. ಇನ್ನೂ ನನ್ನ ಜೊತೆ ಬಾಳೋ ಇಷ್ಟ ಇದ್ರೆ ಸಹಿ ಪಕ್ಕ ಹೂಂ ಅಂತ ಬರಿ. ಇಲ್ಲಾಂದ್ರೆ ಬರೀ ಸಹಿ ಹಾಕು. ನಾನು ಮತ್ತೆ ಕೇಳಿ ಹಿಂಸೆ ಕೊಡಲ್ಲ.’

ಕೆಳಗೆ ಬರೀ ಸಹಿ.

ಮೈಥಿಲಿ ಆ ಸಹಿಯ ಮೇಲೆ ಬೆರಳಿಟ್ಟಳು. ತನ್ನದೇ ಅಕ್ಷರ! ತನ್ನ ಕೈಯಾರೆ ತಾನೇ ‘ಬೇಡ’ ಅಂದಿದ್ದಾಳೆ! ಇವನು ಆರು ತಿಂಗಳು ಆ ‘ಬೇಡ’ವನ್ನು ನುಂಗಿಕೊಂಡು, ಮತ್ತೆ ಕೇಳದೆ, ಒಬ್ಬನೇ ಬದುಕಿದ್ದಾನೆ.

“ದಡ್ಡಾ!” ಬಿಕ್ಕಿ ಅತ್ತಳು. “ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ನಿನಗೆ?”

“ಓದೋಕೆ ಏನಾಗಿತ್ತು ನಿನಗೆ?”

ಇಬ್ಬರೂ ಸಮಾನ ಮೂರ್ಖರೇ.

“ಆವತ್ತು ನನಗೆ ಕೋಪ ಅಲ್ಲ ತನ್ಮಯ್, ಭಯ,” ಅವಳು ಕಣ್ಣೊರೆಸಿಕೊಂಡಳು. “ನೀನು ಬಿದ್ದಿದ್ರೆ ಒಬ್ಬಳೇ ಬೋಟ್ ತಿರುಗಿಸೋಕೂ ನನಗೆ ಬರ್ತಿರಲಿಲ್ಲ. ನೀನಿಲ್ಲದೆ ದಡ ಸೇರೋದೇ ಬೇಡ ಅನ್ಸಿತ್ತು. ಅಷ್ಟು ಇಷ್ಟ ಕಣೋ ನೀನಂದ್ರೆ...”

ಅವನು ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡ.

ಮೈಥಿಲಿ ಮೊದಲು ಫಾರ್ಮನ್ನು ಎರಡು ತುಂಡು ಮಾಡಿದಳು. ಆಮೇಲೆ ಏಳನೇ ದಿನದ ಪುಟವನ್ನು ಮೊದಲಿಂದ ಕೊನೆಯವರೆಗೆ, ಗಾಳಿ ದಿಕ್ಕು ಸಮೇತ, ಇನ್ನೊಮ್ಮೆ ಓದಿದಳು. ಸಹಿಯ ಪಕ್ಕ ಬರೆದಳು... ‘ಹೂಂ.’

ಪುಸ್ತಕ ಅವನ ಕಡೆ ತಳ್ಳಿದಳು. “ಓದಿ ಸಹಿ ಹಾಕು.”

ಅವನು ಓದಿದ. ಒಂದೇ ಅಕ್ಷರ, ಆದರೂ ಎಷ್ಟೋ ಹೊತ್ತು ಓದಿದ. ಹನಿಯೊಂದು ಪುಟದ ಮೇಲೆ ಬಿತ್ತು. ಸಹಿ ಹಾಕಿದ.

ಅವಳು ಅವನ ಬಾಡಿದ ಕೆನ್ನೆ ಸವರಿದಳು. “ನಿದ್ದೆ ಮಾಡಿ ಎಷ್ಟು ದಿನ ಆಯ್ತೋ?”

“ಗೊತ್ತಿಲ್ಲ. ಆರು ತಿಂಗಳು ಕಾವಲು ನಂದೇ ಇತ್ತು.”

“ಸಾಕು, ಇನ್ಮೇಲೆ ನನ್ನ ಪಾಳಿ. ಹೋಗಿ ಮಲಗು.”

“ಎದ್ದಾಗ ಇಲ್ಲೇ ಇರ್ತೀಯಾ?”

“ಹೂಂ,” ಅಂದಳು ಮೈಥಿಲಿ. ಈ ಸಲ ಬಾಯಿಬಿಟ್ಟು.