ಎರಡು ಇರುವೆಗಳ ಆಟ

ದಾನಮ್ಮ ಠಾಣೆಯ ಕೋಪರಿಯಲ್ಲಿದ್ದ ಒಂದು ಹೋಟೆಲಿನ ಮೆಟ್ಟಿಲು ಹತ್ತಿ ತನ್ನ ಹೆಸರು ಹೇಳಿದಾಗ, ಗಲ್ಲಾದ ಪಕ್ಕ ನಿಂತಿದ್ದ ಹುಡುಗ ಅವಳ ಬೆನ್ನ ಹಿಂದೆ ಬಾಗಿ ನೋಡಿದ.

"ಅವರು ಬರ್ಲಿಲ್ವಾ?"

"ಯಾರು?"

"ದಾನಮ್ಮ ಅವರು."

"ನಾನರೀ ದಾನಮ್ಮ."

ಹುಡುಗನ ಕಿವಿ ಕೆಂಪಾಯಿತು. ಫ್ಯಾನಿನ ಕೆಳಗಿನ ಟೇಬಲಿನಲ್ಲಿ ಒಂದು ಲೋಟ ಬಿಸಿನೀರು ಕಾಯುತ್ತಿತ್ತು. ಮಂಡಿನೋವಿನವರಿಗೆ ಹಿತವಾಗಲೆಂದು ಮನೆಯಿಂದ ತಂದ ಕೈಯಿರುವ ಕುರ್ಚಿಯೂ ಅಲ್ಲಿತ್ತು. ಹಳೇ ಕಾಲದ ಆ ಹೆಸರು ನೋಡಿ, ತಾನು ಆನ್‌ಲೈನಿನಲ್ಲಿ ಮಾರಲು ಹಾಕಿದ್ದ ಹಳೆಯ ವಿಡಿಯೋ ಗೇಮನ್ನು ಯಾರೋ ಅಜ್ಜಿ ಮೊಮ್ಮಗನಿಗಾಗಿ ಕೊಳ್ಳಲು ಬರುತ್ತಾರೆ ಎಂದು ಅವನು ನಂಬಿಬಿಟ್ಟಿದ್ದ. ದಾನಮ್ಮ ಕುರ್ಚಿಯಲ್ಲಿ ಕುಳಿತು, ಬಿಸಿನೀರನ್ನು ಪೂರ್ತಿ ಕುಡಿದು, ಮಂಡಿಯನ್ನೊಮ್ಮೆ ಸವರಿಕೊಂಡಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅವನ ಹೆಸರು ಕೌಶಲ್. ಹೋಟೆಲು ಅವನ ಅಪ್ಪ ಕಮಲಾಕ್ಷರದು. ಉಡುಪಿ ಕಡೆಯವರು, ಮನೆಯಲ್ಲಿ ತುಳು. ದಾನಮ್ಮನ ಅಪ್ಪ ಜಟ್ಟೆಪ್ಪ ವಿಜಯಪುರದಿಂದ ಬಂದು ಮುಂಬಯಿ ಬಳಿಯ ಕಲ್ಯಾಣದ ಗೋದಾಮುಗಳಲ್ಲಿ ಮೂಟೆ ಹೊತ್ತು, ಈಗ ಹಮಾಲರ ಮೇಲ್ವಿಚಾರಣೆ ನೋಡುವ ಮುಕಾದಮನಾಗಿದ್ದ. ಅವಳು ಕಲ್ಯಾಣದಲ್ಲೇ ಕಾಲೇಜು ಓದಿ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದಳು. ಒಬ್ಬೊಬ್ಬರದು ಒಂದೊಂದು ಕನ್ನಡ. ಅರ್ಧಕ್ಕೆ ನಿಂತ ಕಡೆ ಹಿಂದಿ ಸಹಾಯಕ್ಕೆ ಬರುತ್ತಿತ್ತು.

ಇಷ್ಟು ಹಳೆಯ ಕನ್ಸೋಲ್ ಯಾತಕ್ಕೆ ಎಂದು ಅವನು ಕೇಳಿದ. ಅಂಗೈಯಷ್ಟೇ ಇದ್ದ ಆ ಡಬ್ಬಿಯನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಚಿಕ್ಕವಳಿದ್ದಾಗ ಅಣ್ಣ ಭೀಮು ಇಂಥದ್ದೇ ಒಂದನ್ನು ತಂದಿದ್ದ, ಅದರಲ್ಲಿ ಒಂದು ಇರುವೆಯ ಆಟವಿತ್ತು. ಇರುವೆ ಒಮ್ಮೆ ಹೊರಟರೆ ಗೋಡೆ ತಾಗುವವರೆಗೆ ನಿಲ್ಲುವುದಿಲ್ಲ. ಹಾಗೇ ಓಡಿಸಿ ಸಕ್ಕರೆ ಹರಳುಗಳನ್ನೆಲ್ಲ ಹೆಕ್ಕಿಸಿ ಗೂಡು ಸೇರಿಸಬೇಕು. ಆಟ ಮಾಡಿದ ಕಂಪನಿ ಮುಚ್ಚಿಹೋಗಿತ್ತು, ಇಂಟರ್ನೆಟ್ಟಿನಲ್ಲಿ ಎಲ್ಲಿ ಹುಡುಕಿದರೂ ಅದರ ಸುಳಿವಿರಲಿಲ್ಲ. ಹಾಗಾಗಿ ದಾನಮ್ಮ ಅದನ್ನು ನೆನಪಿನಿಂದ, ತನ್ನದೇ ಹೊಸ ಲೆವೆಲ್‌ಗಳನ್ನು ಸೇರಿಸಿ, ಮತ್ತೆ ಬರೆಯುತ್ತಿದ್ದಳು. ಲ್ಯಾಪ್‌ಟಾಪಿನಲ್ಲಿ ಓಡುತ್ತಿತ್ತು. ನಿಜವಾದ ಕನ್ಸೋಲಿನಲ್ಲಿ ಓಡುತ್ತದೆಯೇ ಎಂದು ನೋಡಬೇಕಿತ್ತು.

"ಒಬ್ಬಳೇ ಬರೆದದ್ದಾ?"

"ಮತ್ಯಾರು ಬರೀತಾರ?"

ಕೌಶಲ್ ಕನ್ಸೋಲನ್ನು ಮಾರಲೇ ಇಲ್ಲ. ಆಟ ಮುಗಿಯುವವರೆಗೆ ಇದು ನಿಮ್ಮ ಹತ್ತಿರವೇ ಇರಲಿ, ಆದರೆ ಮೊದಲು ಆಡುವವನು ನಾನಾಗಬೇಕು ಎಂದ.

ಅಲ್ಲಿಂದ ಶುರುವಾಯಿತು. ಅವಳು ಲೆವೆಲ್ ಬರೆಯುವಾಗ ಕನ್ಸೋಲ್ ಕಲ್ಯಾಣದಲ್ಲಿರುತ್ತಿತ್ತು, ಬರೆದು ಮುಗಿಸಿದ ಮೇಲೆ ಠಾಣೆಯಲ್ಲಿ. ಕೌಶಲ್ ಐರೋಲಿಯ ಆಫೀಸಿಗೆ ಹೋಗುವ ಲೋಕಲ್‌ನಲ್ಲಿ ನಿಂತುಕೊಂಡೇ ಆಡುತ್ತಿದ್ದ. ಎಲ್ಲಿ ಸಿಕ್ಕಿಬಿದ್ದೆ ಎಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. 'ಎಂತ ಮಾರಾಯ್ತಿ, ಈ ಇರುವೆಗೆ ಬ್ರೇಕೇ ಇಲ್ವಾ' ಎಂಬ ಅವನ ದನಿಯ ಹಿಂದೆ ಮುಂದಿನ ಸ್ಟೇಶನ್ನಿನ ಹೆಸರು ಕೇಳಿಸುತ್ತಿತ್ತು. ಅದನ್ನವಳು ಬಿಲ್ಲುಗಳ ನಡುವೆ ಮತ್ತೆ ಮತ್ತೆ ಕೇಳುತ್ತಿದ್ದಳು.

ಭಾನುವಾರ ಠಾಣೆಯ ತಲಾವ್ ಪಾಳಿ ಕೆರೆಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಅವನು ಆಡುವಾಗ ದಾನಮ್ಮ ಪರದೆಯನ್ನು ನೋಡುತ್ತಿರಲಿಲ್ಲ. ಯೋಚಿಸುವಾಗ ಅವನು ಕೆಳತುಟಿಯನ್ನು ಹಲ್ಲಿನಿಂದ ಹಿಡಿಯುತ್ತಿದ್ದ, ದಾರಿ ಹೊಳೆಯುವ ಮೊದಲೇ ಎಡಹುಬ್ಬು ಸ್ವಲ್ಪ ಮೇಲೇರುತ್ತಿತ್ತು. ಆ ಹುಬ್ಬು ಏಳುವುದನ್ನು ಕಾಯುವುದೇ ಅವಳಿಗೆ ಒಂದು ಸುಖವಾಯಿತು. ಅದು ಬೇಗ ಏಳಬಾರದೆಂದು ಲೆವೆಲ್‌ಗಳನ್ನು ಕಷ್ಟ ಮಾಡತೊಡಗಿದಳು.

"ಬೇಕಂತಲೇ ಮಾಡ್ತೀ ನೀನು," ಎಂದ ಒಂದು ದಿನ, ತಲೆ ಎತ್ತದೆ.

"ಏನು?"

"ನಾನು ಇಲ್ಲೇ ಕೂತಿರ್ಲಿ ಅಂತ."

ಅವಳು ಕೆರೆಯ ದೋಣಿಗಳತ್ತ ಮುಖ ತಿರುಗಿಸಿದಳು. ಅವನು ತಲೆ ಎತ್ತಿದ್ದಾನೆ, ತನ್ನ ಕೆನ್ನೆಯನ್ನೇ ನೋಡುತ್ತಿದ್ದಾನೆ ಎಂದು ನೋಡದೆಯೇ ಗೊತ್ತಾಯಿತು.

ಮಾತಿನಲ್ಲಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ಹೇಳಬೇಕಾದ್ದನ್ನೇ ಒಂದು ಲೆವೆಲ್ಲಾಗಿ ಮಾಡಿದಳು. ಅದರಲ್ಲಿ ಎರಡು ಇರುವೆಗಳು. ಒಂದು ಎಡಕ್ಕೆ ಹೊರಟರೆ ಇನ್ನೊಂದು ಬಲಕ್ಕೆ ಹೊರಡುತ್ತದೆ. ನಡುವೆ ಎಲ್ಲೂ ನಿಲ್ಲಲು ಜಾಗವಿಲ್ಲ. ಒಂದು ಇರುವೆ ಇನ್ನೊಂದಕ್ಕೆ ಗೋಡೆಯಾಗಿ ನಿಂತರೆ ಮಾತ್ರ ಎರಡೂ ಗೂಡು ಸೇರುತ್ತವೆ, ಅದೂ ಒಟ್ಟಿಗೇ. ಕೌಶಲ್ ಒಂದು ವಾರ ಒದ್ದಾಡಿದ. ಕೊನೆಗೆ ಅದೇ ಕಟ್ಟೆಯ ಮೇಲೆ ಕುಳಿತು ಬಿಡಿಸಿದ. ಇರುವೆಗಳು ಗೂಡಿನೊಳಗೆ ಹೋದ ಮೇಲೂ ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದ. ಆಮೇಲೆ ಕನ್ಸೋಲನ್ನು ಅವಳ ಅಂಗೈಯಲ್ಲಿಟ್ಟು, ತನ್ನ ಕೈಯನ್ನು ಅದರ ಮೇಲೆ ಹಾಗೇ ಬಿಟ್ಟ.

"ನಂಗೆ ಅರ್ಥ ಆಯ್ತು," ಎಂದ.

ಮನೆಯಲ್ಲಿ ಒಪ್ಪಿಸುವುದು ಸುಲಭವಾಗಲಿಲ್ಲ. ಜಾತಿ ಬೇರೆ, ಊರ ಕಡೆ ಬೇರೆ, ಹೋಟೆಲು ಇಟ್ಟವರ ಅಂತಸ್ತು ಬೇರೆ. ಜಟ್ಟೆಪ್ಪ ಎಷ್ಟೋ ದಿನ ಮಗಳ ಜೊತೆ ಮಾತು ಬಿಟ್ಟ. ದೊಡ್ಡವರ ಮಕ್ಕಳು ಮಾತಿನಲ್ಲಿ ಬೆಣ್ಣೆ ಹಚ್ಚುತ್ತಾರೆ, ನಾಳೆ ಕೈಬಿಟ್ಟರೆ ಏನು ಮಾಡುತ್ತೀ ಎಂದು ಹೆಂಡತಿ ಚಂದ್ರಬಾಯಿಯ ಬಾಯಿಂದ ಕೇಳಿಸಿದ. ದಾನಮ್ಮ ಅಪ್ಪನ ಎದುರು ಹೋಗಿ ನಿಂತಳು. "ಅಂವ ಬಡವ ಇರ್ಲಿ, ಸಾವಕಾರ ಇರ್ಲಿ, ಸುಳ್ಳು ಹೇಳಂಗಿಲ್ಲಪ್ಪ. ಅದಕ್ಕ ನಾ ಜಾಮೀನು," ಎಂದಳು. ಜಟ್ಟೆಪ್ಪ ಮರುದಿನ ಒಬ್ಬನೇ ಕೋಪರಿಗೆ ಹೋಗಿ, ಹೋಟೆಲಿನಲ್ಲಿ ಚಹಾ ಕುಡಿದು, ಹುಡುಗನನ್ನು ನೋಡಿಕೊಂಡು ಬಂದ. ಆ ರಾತ್ರಿ ಮಗಳ ಪಕ್ಕ ಕುಳಿತು ಉಂಡ.

ಅದೇ ದಿನಗಳಲ್ಲಿ ಕೌಶಲ್‌ಗೆ ಹೊಸ ಕೆಲಸ ಸಿಕ್ಕಿತು. ನವಿ ಮುಂಬಯಿಯಲ್ಲಿ ಆಟಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿ. ಐರೋಲಿಯ ಕಾಲ್ ಸೆಂಟರಿನಲ್ಲಿ ಗ್ರಾಹಕರ ಬೈಗುಳ ಕೇಳಿ ಕೇಳಿ ಬಾಡಿಹೋಗಿದ್ದ ಹುಡುಗ ಚಿಗುರಿಕೊಂಡ. ಹೇಗೆ ಸಿಕ್ಕಿತು ಎಂದು ಅವಳು ಕೇಳಿದ್ದಕ್ಕೆ ಇಂಟರ್‌ವ್ಯೂ ಚೆನ್ನಾಗಿ ಆಯ್ತು ಎಂದಷ್ಟೇ ಹೇಳಿ, ಅವಳ ಆಟದ ಬಗ್ಗೆ ಕೇಳತೊಡಗಿದ. ಖುಷಿಯಲ್ಲಿ ಅವಳೂ ಮುಂದೆ ಕೆದಕಲಿಲ್ಲ.

ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಎರಡೂ ಮನೆಯವರು ಒಂದು ಭಾನುವಾರ ಮಧ್ಯಾಹ್ನ ಹೋಟೆಲಿನಲ್ಲಿ ಸೇರಿದರು. ಕಮಲಾಕ್ಷರು ತಾವೇ ನಿಂತು ಬಡಿಸಿದರು. ಚಂದ್ರಬಾಯಿ ತಂದಿದ್ದ ಶೇಂಗಾ ಹೋಳಿಗೆಯನ್ನು ಕೌಶಲ್‌ನ ತಾಯಿ ವಿನೋದಾ ಎರಡು ಸಲ ಹಾಕಿಸಿಕೊಂಡರು. ಊಟ ಮುಗಿಯುವಾಗ ಕೌಶಲ್‌ನ ಹೊಸ ಆಫೀಸಿನ ಗೆಳೆಯ ಹಿತೇಶ್ ಬಂದ. ಠಾಣೆಯಲ್ಲೇ ಏನೋ ಕೆಲಸವಿತ್ತಂತೆ, ಅಭಿನಂದನೆ ಹೇಳಿ ಹೋಗೋಣ ಎಂದು ಬಂದಿದ್ದ. ಒಳ್ಳೆಯ ಹುಡುಗ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಹಿಂದಿಯಲ್ಲಿ ಕೊಡುತ್ತಿದ್ದ.

ಅವನು ದಾನಮ್ಮನ ಎದುರು ಕುಳಿತು ಕೌಶಲ್‌ನನ್ನು ಹೊಗಳತೊಡಗಿದ. ಇವನು ಬರೆದ ಇರುವೆಯ ಆಟ ನೋಡಿಯೇ ನಮ್ಮ ಬಾಸ್ ಇಂಟರ್‌ವ್ಯೂ ಅರ್ಧಕ್ಕೆ ನಿಲ್ಲಿಸಿ ಕೆಲಸ ಕೊಟ್ಟರು ಎಂದ. ಈಗ ಊಟದ ಹೊತ್ತಿಗೆ ಆಫೀಸಿನವರೆಲ್ಲ ಅದನ್ನೇ ಆಡುತ್ತಾರಂತೆ.

ದಾನಮ್ಮ ಮೊದಲು ಏನೋ ತಪ್ಪಾಗಿ ಕೇಳಿಸಿತು ಎಂದುಕೊಂಡಳು.

ಹಿತೇಶ್ ನಗುತ್ತಾ ಅವಳ ಕಡೆ ಬಾಗಿದ. ಆ ಎರಡು ಇರುವೆಗಳ ಲೆವೆಲ್ ಇದೆಯಲ್ಲ, ಅದು ನಿಮಗೆ ಪ್ರಪೋಸ್ ಮಾಡಲೆಂದೇ ಮಾಡಿದ್ದಂತೆ, ಅವನೇ ಹೇಳಿದ, ನಮ್ಮ ಆಫೀಸಿನ ಹುಡುಗಿಯರೆಲ್ಲ ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದಾರೆ ಎಂದ.

ಅವಳು ಕೌಶಲ್‌ನತ್ತ ನೋಡಿದಳು. ಅವನು ಎಲೆಯ ಮೇಲೆ ಉಳಿದ ಉಪ್ಪನ್ನು ಬೆರಳ ತುದಿಯಿಂದ ಒಟ್ಟುಮಾಡುತ್ತಿದ್ದ. ಎರಡು ಟೇಬಲು ಆಚೆ ಅವಳ ಅಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕಮಲಾಕ್ಷರ ಮಾತಿಗೆ ಜೋರಾಗಿ ನಗುತ್ತಿದ್ದ. ಆ ನಗುವನ್ನು ಅವಳು ವರ್ಷಗಳಿಂದ ಕೇಳಿರಲಿಲ್ಲ.

"ಹೌದ್ರಿ," ಎಂದಳು ಹಿತೇಶ್‌ಗೆ, "ಚಲೋ ಐತಿ ಆ ಲೆವೆಲ್ಲು." ಎದ್ದು ಕೈ ತೊಳೆಯಲು ಹೋದಳು. ನಲ್ಲಿಯ ಕೆಳಗೆ ಕೈ ಹಿಡಿದು ಎಷ್ಟು ಹೊತ್ತು ನಿಂತಳೋ, ಹಿಂದೆ ಕಾಯುತ್ತಿದ್ದ ಗಿರಾಕಿಯೊಬ್ಬರು ಕೆಮ್ಮಿದ ಮೇಲೇ ಎಚ್ಚರವಾಯಿತು. ವಾಪಸ್ ಬಂದಾಗ ದಿನ ಗೊತ್ತಾಗಿತ್ತು.

ಮರುದಿನ ಆಫೀಸು ಬಿಟ್ಟ ಮೇಲೆ ಕೌಶಲ್ ಡೊಂಬಿವಲಿ ಸ್ಟೇಶನ್ನಿನ ಹೊರಗೆ ಕಾಯುತ್ತಿದ್ದ. ಗಿಜಿಗುಡುವ ಜನದಿಂದ ಸರಿದು ಒಂದು ಮುಚ್ಚಿದ ಅಂಗಡಿಯ ಮುಂದೆ ನಿಂತರು. ಅವನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಇಂಟರ್‌ವ್ಯೂ ಕೆಟ್ಟುಹೋಗಿತ್ತು. ಎದ್ದು ಬರುವ ಮೊದಲು, ನಾನು ಟೆಸ್ಟ್ ಮಾಡುತ್ತಿರುವ ಆಟ ಎಂದು ತೋರಿಸಿದ. ಅವರು ಆಡಿ ನೋಡಿ, ನೀನೇ ಬರೆದದ್ದಾ ಎಂದು ಕೇಳಿದರು. ಹೂಂ ಎನ್ನುವ ಮಾತು ಬಾಯಿಂದ ಬಂದುಹೋಯಿತು. ಆಮೇಲೆ ಅದನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

"ನಿಂಗೆ ಹೇಳ್ಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ಪ್ರಾಮಿಸ್. ಆ ಐರೋಲಿ ಕೆಲಸದಲ್ಲಿ ನಾನು ಸತ್ತೇ ಹೋಗ್ತಿದ್ದೆ, ನಿಂಗೆ ಗೊತ್ತುಂಟಲ್ಲ."

"ಕೇಳಿದ್ರ ನಾನೇ ಕೊಡ್ತಿದ್ನಿ," ಎಂದಳು ದಾನಮ್ಮ. ದನಿ ಏರಲಿಲ್ಲ. "ಇಬ್ರೂ ಸೇರಿ ಮಾಡೀವಿ ಅಂತ ಹೇಳು ಅಂತಿದ್ನಿ. ಆಟ ಹೋಗ್ಲಿ, ಅಂಥಾವು ಇನ್ನೂ ಹತ್ತು ಬರೀತೀನಿ. ಆದ್ರ ಆ ಲೆವೆಲ್ಲು ನಾ ನಿನಗ ಆಡಿದ ಮಾತಿತ್ತು, ಕೌಶಲ್. ನನ್ನ ಬಾಯಾಗಿನ ಮಾತು. ಅದನ್ನ ನೀ ಆಡಿದ್ದು ಅಂತ ಹೇಳ್ಕೊಂಡು ನಗಿಸ್ಕೋತ ಕುಂತಿ."

ಅವಳು ಕಾದಳು. ಜಗಳಕ್ಕಾದರೂ ಒಂದು ಮಾತು ಆಡಲಿ ಎಂದು ಕಾದಳು. ಕೊನೆಗೆ ಕಲ್ಯಾಣದ ಗಾಡಿ ಬರುವ ಸದ್ದಾಯಿತು, ಹೊರಟಳು. ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಪಕ್ಕ ನಿಂತಾಗ ಅಪ್ಪನಿಗೆ ತಾನು ಕೊಟ್ಟ ಜಾಮೀನು ನೆನಪಾಗಿ ಅಳು ಬಂತು. ಯಾರೋ ಹೆಂಗಸು ಏನೂ ಕೇಳದೆ ಅವಳ ಬ್ಯಾಗನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಕೌಶಲ್ ಮುಂದೆ ಮಾಡಿದ್ದು ಸಣ್ಣ ಕೆಲಸವಲ್ಲ. ಆಫೀಸಿನಲ್ಲಿ ಎಲ್ಲರ ಎದುರು ನಿಂತು, ಆಟ ನನ್ನದಲ್ಲ, ಕಲ್ಯಾಣದ ದಾನಮ್ಮ ಎಂಬ ಹುಡುಗಿಯದು ಎಂದು ಹೇಳಿದ. ಅವರು ಅವನನ್ನು ಕೆಲಸದಿಂದ ತೆಗೆದರು. ಹಿತೇಶ್ ಫೋನು ಮಾಡಿ ದಾನಮ್ಮನ ಕ್ಷಮೆ ಕೇಳಿದ. ನಿಮಗೆ ಮನಸ್ಸಿದ್ದರೆ ಬಾಸ್ ಮಾತಾಡಲು ಕಾಯುತ್ತಿದ್ದಾರೆ ಎಂದ. ಸದ್ಯ ಬೇಡ ಎಂದಳು. ಕೌಶಲ್ ಅವಳ ಮನೆಗೂ ಬಂದು, ಜಟ್ಟೆಪ್ಪನ ಎದುರು ನೆಲದ ಮೇಲೆ ಕುಳಿತು, ತಾನು ಮಾಡಿದ್ದನ್ನು ಬಿಡದೆ ಹೇಳಿದ. ಜಟ್ಟೆಪ್ಪ ಅವನು ಹೋದ ಮೇಲೆ, ಸುಳ್ಳು ಹೇಳಿದವರನ್ನು ಬಹಳ ನೋಡೀನಿ, ಹಿಂಗ ಬಂದು ಒಪ್ಪಿಕೊಂಡವನನ್ನು ನೋಡಿಲ್ಲ, ನಿನಗೆ ಹ್ಯಾಂಗ ಅನಸ್ತದ ಹಂಗ ಮಾಡು ಮಗಾ ಎಂದ.

ದಾನಮ್ಮ ಕ್ಷಮಿಸಿದಳು. ಬಾಯಿಮಾತಿನ ಕ್ಷಮೆಯಲ್ಲ. ಮತ್ತೆ ಕೆರೆಯ ಕಟ್ಟೆಗೆ ಹೋದರು, ಚಹಾ ಕುಡಿದರು. ಅವನು ಹೊಸ ಕೆಲಸ ಹುಡುಕುವ ಪೇಚಾಟಗಳನ್ನು ಹೇಳಿ ನಗಿಸಿದ, ಅವಳು ನಿಜಕ್ಕೂ ನಕ್ಕಳು. ಅವನ ಮೇಲೆ ಸಿಟ್ಟಿರಲಿಲ್ಲ. ಅವನು ಕೈ ಹಿಡಿದಾಗ ಈಗಲೂ ಎದೆ ಬಡಿದುಕೊಳ್ಳುತ್ತಿತ್ತು. ಎಲ್ಲ ಮೊದಲಿನಂತೆಯೇ ಆಯಿತು ಎಂದುಕೊಂಡಳು.

ಒಂದು ಮಧ್ಯಾಹ್ನ, ಮನೆಯಲ್ಲಿ ಎಲ್ಲರೂ ಮಲಗಿದ್ದಾಗ, ಅವಳಿಗೆ ಹೊಸ ಲೆವೆಲ್ಲೊಂದು ಹೊಳೆಯಿತು. ಇರುವೆ ನಡೆದ ದಾರಿ ಅದರ ಹಿಂದೆಯೇ ಮುಚ್ಚಿಹೋಗುವ ಒಂದು ಆಟ. ಬರೆದು, ಓಡಿಸಿ, ಒಂದು ತಪ್ಪು ತಿದ್ದಿ ಮತ್ತೆ ಓಡಿಸಿದಳು. ಇಷ್ಟು ಚೆಂದದ್ದನ್ನು ತಾನು ಮಾಡಿಯೇ ಇರಲಿಲ್ಲ. ಕೈ ತಾನಾಗಿ ಫೋನಿಗೆ ಹೋಯಿತು. ಕೌಶಲ್‌ನ ಹೆಸರು ತೆರೆದು, ಬೆರಳು ಅಲ್ಲೇ ನಿಂತಿತು.

ಕಳಿಸಬೇಕು ಎನ್ನಿಸಲಿಲ್ಲ. ಮರುದಿನ ಎನ್ನಿಸೀತು ಎಂದು ಕಾದಳು. ಭಾನುವಾರ ಕಟ್ಟೆಯ ಮೇಲೆ ಅವನು, ಹೊಸದು ಏನಾದರೂ ಮಾಡಿದ್ಯಾ ಎಂದು ಕೇಳಿದಾಗ, ಇಲ್ಲ ಎಂದಳು. ಎಷ್ಟು ಸರಾಗವಾಗಿ ಬಂತು ಆ ಸುಳ್ಳು. ಅವಳು ತನ್ನ ದನಿಗೇ ಬೆಚ್ಚಿದಳು. ಅವನ ಮುಖ ನೋಡಿದಳು, ಅದೇ ತುಟಿ, ಅದೇ ಹುಬ್ಬು. ಇವನ ಜೊತೆ ಬದುಕಬಹುದು, ಅಡುಗೆ ಮಾಡಬಹುದು, ನಗಬಹುದು. ಆದರೆ ತನಗೆ ಅತ್ಯಂತ ಪ್ರಿಯವಾದದ್ದು ಹೊಳೆದಾಗಲೆಲ್ಲ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿಟ್ಟು ಏಳಬೇಕಾಗುತ್ತದೆ.

ಅದನ್ನು ಅವನಿಗೆ ಹಾಗೆಯೇ ಹೇಳಿದಳು, ಠಾಣೆ ಸ್ಟೇಶನ್ನಿನಲ್ಲಿ, ನಿಶ್ಚಿತಾರ್ಥಕ್ಕೆ ಇನ್ನೂ ದಿನಗಳಿರುವಾಗ. ಒಂದು ಲೆವೆಲ್ ಮಾಡೀನಿ, ನಿನಗ ತೋರಿಸಾಕ ಮನಸ್ಸು ಬರವಲ್ದು, ಬರ್ತದೇನೋ ಅಂತ ಬಾಳ ಕಾದ್ನಿ, ಈ ಲಗ್ನ ಬ್ಯಾಡ ಎಂದಳು. ಕೌಶಲ್ ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ತಲೆ ತಗ್ಗಿಸಿ ನಿಂತ. ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ಅದ್ರಲ್ಲಿ ಎಂತ ಉಂಟು ಅಂತ ಆದ್ರೂ ಹೇಳ್ತೀಯಾ?"

ಹೇಳಬೇಕೆಂದು ಅವಳು ಬಾಯಿ ತೆರೆದಳು. ಅವನ ಮೇಲಿನ ಪ್ರೀತಿ ಅಷ್ಟೂ ಹಾಗೇ ಇತ್ತು, ಆದರೂ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವನು ಅರ್ಥವಾಯಿತು ಎಂಬಂತೆ ಅವಳ ಮುಂಗೈಯನ್ನು ಒಮ್ಮೆ ಒತ್ತಿ ಬಿಟ್ಟ.

ಗಾಡಿ ಬಂತು. ಒಳಗಿದ್ದವರು ಇಳಿಯುವ ಮೊದಲೇ ಹೆಂಗಸರು ಹತ್ತತೊಡಗಿದರು.

"ಬರ್ತೀನಿ," ಎಂದಳು ದಾನಮ್ಮ. ಹೊರಡುವಾಗ ಹೋಗ್ತೀನಿ ಎಂದು ಅವರಲ್ಲಿ ಯಾರೂ ಅನ್ನುವುದಿಲ್ಲ.

"ಹೂಂ," ಎಂದ ಕೌಶಲ್, ಅವಳು ಹತ್ತಲೆಂದು ದಾರಿ ಬಿಟ್ಟು ಹಿಂದೆ ಸರಿದ.