ಮೇಣಕ್ಕೆ ಅಂಟಿ ಬಂದ ಹರಳು

ನೆರೆ ಇಳಿದ ಮೇಲೆ ನೋಡಿದರೆ ನದಿ ತನ್ನ ಬಾಯನ್ನೇ ಬದಲಿಸಿಕೊಂಡಿತ್ತು. ಹಳೆಯ ಅಳಿವೆಯಲ್ಲಿ ಮರಳು ಗುಡ್ಡೆಬಿದ್ದಿತ್ತು. ಹೊರಗೆ ಸಮುದ್ರದಲ್ಲಿ ಅಣ್ಣನ ದೋಣಿ ಹಲಗೆ ಸಡಿಲಿ ನೀರು ಕುಡಿಯುತ್ತಿದೆಯೆಂದು ವೈರ್‌ಲೆಸ್ಸಿನಲ್ಲಿ ಸುದ್ದಿ ಬಂದಿತ್ತು. ಕಡಲಿನ ಇಳಿತ ಶುರುವಾದರೆ ಅಳಿವೆಯಲ್ಲಿ ಅಲೆಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ. ಅಷ್ಟರೊಳಗೆ ಹೊಸ ದಾರಿ ಹುಡುಕಿ, ಗಳ ನೆಟ್ಟು ಅವನಿಗೆ ತೋರಿಸಬೇಕು.

ಸಣ್ಣ ದೋಣಿಯಲ್ಲಿ ಹೊರಟವರು ಮೂವರು. ಚುಕ್ಕಾಣಿಗೆ ಚಿಕ್ಕಪ್ಪ, ಗಳ ನೆಡಲು ಎಲ್ಲರೂ ‘ಬೋಲ್ಟು’ ಎನ್ನುವ ಮೆಕ್ಯಾನಿಕ್, ಆಳ ನೋಡಲು ಆ ಅಣ್ಣನ ತಂಗಿ. ಹಗ್ಗದ ತುದಿಯ ಸೀಸದ ಗುಂಡನ್ನು ಮುಂದಕ್ಕೆ ಎಸೆದು, ಆಳವೆಷ್ಟೆಂದು ಕೂಗಿ ಹೇಳುವುದು ಅವಳ ಕೆಲಸ. ಗುಂಡಿನ ತಳಕ್ಕೆ ಮೆತ್ತಿದ ಮೇಣಕ್ಕೆ ಅಡಿಯ ಕೆಸರೋ ಮರಳೋ ಅಂಟಿ ಬರುತ್ತದೆ. ಎಸೆಯುವುದರಲ್ಲಿ ಅವಳದು ಎತ್ತಿದ ಕೈ. ಕೂಗುವುದರಲ್ಲಿ ಮಾತ್ರ ಅಲ್ಲ.

“ಎರಡಾಳು ಆಳ,” ಎಂದಳು.

“ಏನು, ಸಮುದ್ರಕ್ಕೆ ಗುಟ್ಟು ಹೇಳ್ತಿದೀಯಾ?” ಚಿಕ್ಕಪ್ಪ ರೇಗಿದ.

“ಮಾತಾಡು ಮಾರಾಯ್ತಿ, ಮುತ್ತು ಉದುರಿದ್ರೆ ನಾನು ಆಯ್ದುಕೊಡ್ತೀನಿ,” ಎಂದ ಬೋಲ್ಟು.

ಬೆಟ್ಟಗಳಿಂದ ಇಳಿದ ಕೆಂಪು ನೀರು ಮರಳದಿಣ್ಣೆಗಳ ನಡುವೆ ಅಂಗೈಯ ಬೆರಳುಗಳಂತೆ ಬಿಚ್ಚಿಕೊಂಡಿತ್ತು. ಯಾವ ಬೆರಳು ಕಡಲು ಮುಟ್ಟುತ್ತದೆ, ಯಾವುದು ಅರ್ಧಕ್ಕೇ ಮುದುಡಿದೆ ಎಂಬುದು ಮೇಲಿನಿಂದ ತಿಳಿಯುವಂತಿರಲಿಲ್ಲ. ಬಲಕ್ಕೆ ಎರಡು ನೊರೆಸಾಲುಗಳ ಮಧ್ಯೆ ನೀರು ಕುದಿಯುತ್ತಿತ್ತು. ಎಡಕ್ಕೆ ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು.

ಚಿಕ್ಕಪ್ಪ ಎಡಕ್ಕೆ ತಿರುಗಿಸಿದ.

ಗುಂಡು ಆಳಕ್ಕೇ ಹೋಯಿತು. ಆದರೆ ಮೇಣದಲ್ಲಿ ಕರಿ ಕೆಸರು! ನೀರು ನಿಂತಲ್ಲಿ ಮಾತ್ರ ಕೆಸರು ಕೂರುತ್ತದೆ. ಅಂದರೆ ಮುಂದೆ ದಾರಿಯಿಲ್ಲ.

“ಚಿಕ್ಕಪ್ಪಾ, ಇದಲ್ಲ...”

ಗಾಳಿ ಆ ಮಾತನ್ನು ನುಂಗಿತು.

ದಡಕ್! ದೋಣಿ ಮರಳಿಗೆ ಬಡಿಯಿತು. ಬೋಲ್ಟು ಮುಗ್ಗರಿಸಿದ. ಅಡ್ಡಲೆಯೊಂದು ನುಗ್ಗಿ ಒಳಗೆಲ್ಲ ನೀರಾಯಿತು. ಮೂವರೂ ಹಾರಿ, ಸೊಂಟದ ನೀರಲ್ಲಿ ಹೆಗಲು ಕೊಟ್ಟು ದೋಣಿಯನ್ನು ಹಿಂದಕ್ಕೆ ತಳ್ಳಿದರು.

“ಕೆಸರಿದೆ ಅಂತ ಹೇಳ್ಬಾರದಾ?” ಮೇಣ ಕಂಡ ಚಿಕ್ಕಪ್ಪ ಗದರಿದ.

“ಹೇಳಿದೆ.”

“ಯಾರಿಗೆ?”

ಅವಳು ಮೇಣದ ಕೆಸರು ಒರೆಸಿದಳು. ದೂರದಲ್ಲಿ ಅಣ್ಣನ ದೋಣಿ ಮೊದಲಿಗಿಂತ ಕುಗ್ಗಿ ಕಾಣುತ್ತಿತ್ತು.

ಬಲಗಡೆಯ ಕುದಿಯುವ ನೀರಿನ ಅಂಚಿಗೆ ಬಂದಾಗ ಗುಂಡನ್ನು ಬೀಸಿ ಎಸೆದಳು. ಎಳೆದು ನೋಡಿದರೆ ಮೇಣದಲ್ಲಿ ದಪ್ಪ ಮರಳು, ಜೊತೆಗೊಂದು ಕೆಂಪು ಹರಳು. ಬೆಟ್ಟದ ಹರಳು! ಇದನ್ನು ಇಲ್ಲಿಯವರೆಗೆ ಉರುಳಿಸಿ ತಂದ ಸೆಳೆತ ಕಡಲು ಮುಟ್ಟದೆ ನಿಲ್ಲುವುದಿಲ್ಲ.

ಚಿಕ್ಕಪ್ಪ ನೊರೆ ಕಂಡು ದೋಣಿ ತಿರುಗಿಸತೊಡಗಿದ್ದ.

“ತಿರುಗಿಸ್ಬೇಡಿ! ಹರಳು ಸಿಕ್ತು! ಎರಡಾಳು! ನೇರ ನಡೀರಿ!”

ಗಂಟಲು ಹರಿಯುವಂಥ ಕೂಗು. ಯಾರದೆಂದು ಬೋಲ್ಟು ಹಿಂತಿರುಗಿ ನೋಡಿದ. ಚಿಕ್ಕಪ್ಪ ದೋಣಿಯನ್ನು ನೊರೆಯ ನಡುವೆ ನುಗ್ಗಿಸಿದ. ಅವಳು ಎಸೆದಳು, ಕೂಗಿದಳು. ಬೋಲ್ಟು ಗಳ ನೆಡುತ್ತ ಬಂದ. ಕೊನೆಯ ಗಳ ನೆಟ್ಟಾಗ ಇಳಿತ ಶುರುವಾಗಿ ಗಳಗಳೆಲ್ಲ ಕಡಲಿನತ್ತ ಬಾಗುತ್ತಿದ್ದವು.

ಅಣ್ಣನ ದೋಣಿ ಕೆಮ್ಮುತ್ತ ಬಂತು.

“ಗಳಕ್ಕೆ ತಾಗಿಸ್ಕೊಂಡು ಬಾರೋ! ಎಡಕ್ಕೆ ಹೋಗ್ಬೇಡ!” ಅವಳೇ ಕೂಗಿದಳು.

ಅಲೆಯೊಂದು ದೋಣಿಯನ್ನು ಎತ್ತಿತು, ಕುಕ್ಕಿತು. ಮರುಕ್ಷಣ ಅದು ಅಳಿವೆಯ ಒಳಗಿತ್ತು. ಬಕೆಟ್ಟಿನಲ್ಲಿ ನೀರು ಮೊಗೆಯುತ್ತಲೇ ಅಣ್ಣ ತಂಗಿಯತ್ತ ಕೈಯೆತ್ತಿದ.

ಮನೆ ಬಾಗಿಲಲ್ಲಿ ಅಮ್ಮ ಕೇಳಿದಳು, “ಏನಾಯ್ತೇ?”

ಹೇಳುವುದು ಬೆಟ್ಟದಷ್ಟಿತ್ತು. ಬಾಯಿ ತೆರೆದರೆ ಬರೀ ಗಾಳಿ ಬಂತು.

“ಇದ್ದ ದನಿಯೆಲ್ಲ ಇವತ್ತೇ ಖರ್ಚಾಯ್ತು ಅತ್ತಿಗೆ,” ಎಂದ ಚಿಕ್ಕಪ್ಪ.

ಅವಳು ನಕ್ಕು, ಕೆಂಪು ಹರಳನ್ನು ಅಮ್ಮನ ಅಂಗೈಯಲ್ಲಿಟ್ಟಳು.